ದೆವ್ವದ ಸಿನಿಮಾ ಅಂದರೆ ನಗೋದು ಯಾಕೆ?

ಇವತ್ತು ದಾವಣಗೆರೆಯ ಒಂದು ಕಾಲೇಜಿನ ವಿಚಾರ ಸಂಕಿರಣದಲ್ಲಿ ಎಂ.ಎ. ಓದುವ ಹುಡುಗಿಯೊಬ್ಬಳು 'ಆಪ್ತಮಿತ್ರ'ದ ಬಗ್ಗೆ ಪ್ರಬಂಧ ಓದಿದಳು. ವಿಷಯ ಹೇಳಿದ ಕೂಡಲೇ ಮುಂದಿನ ಸಾಲಿನವರು ನಕ್ಕರು. "ದೆವ್ವದ ಸಿನಿಮಾಕ್ಕೂ ಥಿಯರಿನಾ ತಾಯಿ?" ಅಂದರು ಒಬ್ಬರು. ಅವಳ ದನಿ ಸಣ್ಣಗಾಯಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅವಳು ಹೇಳಿದ್ದೇನು ಕೇಳಿ. ಸಿನಿಮಾದ ಕ್ಯಾಮೆರಾ ಗಂಡಸಿನ ಕಣ್ಣಿಂದ ನೋಡುತ್ತದೆ ಅಂತ ಬ್ರಿಟನ್ನಿನ ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲಿ ಬರೆದರು. ಅಮೆರಿಕದ ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರಲ್ಲಿ ಅಲ್ಲಿನ ಕೊಲೆಗಡುಕರ ಸಿನಿಮಾಗಳನ್ನು ಇಟ್ಟುಕೊಂಡು ಬೇರೆ ಮಾತು ಹೇಳಿದರು. ಅಲ್ಲಿ ಎಲ್ಲರೂ ಸತ್ತ ಮೇಲೆ ಉಳಿಯುವವಳು ಒಬ್ಬ ಹುಡುಗಿ, 'ಫೈನಲ್ ಗರ್ಲ್'. 1978ರ 'ಹ್ಯಾಲೋವೀನ್'ನ ಲಾರಿ ಅಂಥವಳು. ಕೊನೆಗೆ ಗಂಡು ಪ್ರೇಕ್ಷಕನೂ ಅವಳ ಜೊತೆಗೇ ಹೆದರುತ್ತಾನೆ, ಅವಳ ಜೊತೆಗೇ ತಿರುಗಿ ಬೀಳುತ್ತಾನೆ.

ಈಗ ನಮ್ಮ 2004ರ 'ಆಪ್ತಮಿತ್ರ' ನೋಡಿ. ಸೌಂದರ್ಯ ಮಾಡಿದ ಗಂಗಾ ತಾನೇ ನಾಗವಲ್ಲಿ, ಹಿಂದೆ ರಾಜ ಕೊಂದ ನರ್ತಕಿ, ಅನ್ನುವ ಹಾಗೆ ಆಡುತ್ತಾಳೆ. ಕೊನೆಗೆ ಉಳಿಯುತ್ತಾಳೆ, ನಿಜ. ಆದರೆ ತಾನೇ ಹೋರಾಡಿ ಅಲ್ಲ. ಡಾಕ್ಟರ್, ಗಂಡ, ಆಚಾರ್ಯರು, ಎಲ್ಲ ಗಂಡಸರೇ ಸೇರಿ ಉಪಾಯ ಹೂಡುತ್ತಾರೆ. ತನಗೇನಾಗಿದೆ ಅಂತ ಅವಳಿಗೇ ಗೊತ್ತಿಲ್ಲ. ನಾಗವಲ್ಲಿಯ ಕೋಪಕ್ಕೆ ಕಾರಣ ಇದೆ, ರಾಜ ಅವಳ ಬದುಕನ್ನೇ ಕಸಿದ. ಆದರೂ ಕಥೆ ಮುಗಿಯಬೇಕಾದರೆ ಆ ಕೋಪ ತೊಲಗಬೇಕು, ಹೆಂಡತಿ ವಾಪಸ್ ಬರಬೇಕು. ಸರಿಯಿದ್ದದ್ದು ಕೆಟ್ಟು ಮತ್ತೆ ಸರಿಹೋಗುವುದೇ ಕಥೆ ಅಂತ ಸಾಹಿತ್ಯ ಚಿಂತಕ ತೊದೊರೊವ್ ಹೇಳಿದ್ದಾರಲ್ಲ, ಸರಿಹೋಗಿದ್ದು ಯಾರಿಗೆ? ಆ ಹುಡುಗಿ ಕೇಳಿದ್ದು ಇಷ್ಟು. ಇದರಲ್ಲಿ ನಗೋದು ಏನಿದೆ?

"ಅಮೆರಿಕದ ಥಿಯರಿ ನಮಗೆ ಹೊಂದಲ್ಲ ಮೇಡಂ" ಅಂತ ಟೀ ಕುಡಿಯುವಾಗ ಇನ್ನೊಬ್ಬರ ವಾದ. ಪೂರ್ತಿ ಹೊಂದಲ್ಲ ಅಂತಲೇ ಅವಳೂ ಹೇಳಿದ್ದು! ಎಲ್ಲಿ ಹೊಂದಲ್ಲವೋ ಅಲ್ಲೇ ನಮ್ಮದೇನು ಅಂತ ಕಾಣೋದು. ಇದು ಗ್ರಾಮದೇವತೆ ದುಗ್ಗಮ್ಮನ ಊರು. ಹೆಣ್ಣಿನ ಮೈಮೇಲೆ ಅಮ್ಮ ಬಂದರೆ ಕೈಮುಗಿದು ಕೇಳುತ್ತೇವೆ, ಬೈದರೂ ತಲೆ ಬಾಗುತ್ತೇವೆ. ಅದೇ ಮೈಮೇಲೆ ದೆವ್ವ ಬಂತು ಅಂದರೆ ಹೊಡೆತ. ಎರಡೂ ಸಲ ಅವಳು ಬೇರೆ ದಿನ ಆಡಲಾಗದ ಮಾತನ್ನು ಆಡಿರುತ್ತಾಳೆ. ಇದನ್ನು ಅಮೆರಿಕದವರು ಬಂದು ಬರೆಯಲ್ಲ, ನಾವೇ ಬರೆಯಬೇಕು.

ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಒಬ್ಬ ಹೆಂಗಸನ್ನು ದೆವ್ವ ಬಿಡಿಸುತ್ತೇವೆ ಅಂತ ಕೂರಿಸಿ ಹೊಡೆದದ್ದನ್ನು ಕಿಟಕಿಯಿಂದ ನೋಡಿದ್ದೇನೆ. ಯಾರಿಗೂ ಹೇಳಿರಲಿಲ್ಲ. ಇಂಥ ಸಿನಿಮಾ ಒಬ್ಬಳೇ ನೋಡೋಕೆ ಇವತ್ತಿಗೂ ನನಗೆ ಆಗಲ್ಲ. ದೆವ್ವದ ಕಥೆ ಸುಮ್ನೆ ಟೈಮ್‌ಪಾಸ್ ಅಂತ ಯಾರಾದರೂ ಅಂದರೆ ಮೈ ಉರಿಯುತ್ತದೆ.

ಆ ಹುಡುಗಿಗೆ 1979ರ 'ನಾ ನಿನ್ನ ಬಿಡಲಾರೆ'ಯನ್ನೂ ಸೇರಿಸು ಅಂದಿದ್ದೇನೆ. ಅಲ್ಲಿ ಹೆಣ್ಣು ದೆವ್ವ ಬರೋದು ಅನಂತನಾಗ್ ಮೈಮೇಲೆ. ಹೋರಾಡುವವಳು ಹೆಂಡತಿ, ಲಕ್ಷ್ಮಿ ಮಾಡಿದ ಪಾತ್ರ. ಆದರೆ ತನ್ನ ಜೀವಕ್ಕಲ್ಲ, ಗಂಡನ ಜೀವಕ್ಕೆ. ಫೈನಲ್ ಗರ್ಲ್ ಪಕ್ಕ ಇವಳನ್ನು ನಿಲ್ಲಿಸಿ ನೋಡಿದರೆ ಇನ್ನೊಂದು ಪ್ರಬಂಧಕ್ಕೆ ಆಗುವಷ್ಟಿದೆ.