ಒಂದನೇ ತರಗತಿಯ ಘಟಿಕೋತ್ಸವ

ನನ್ನ ಮೊಮ್ಮಗಳು ಪದವೀಧರೆಯಾದಳು. ಇದು ಎರಡನೆಯ ಸಲ. ಮೊದಲ ಘಟಿಕೋತ್ಸವ ಯುಕೆಜಿ ಮುಗಿಸಿದ್ದಕ್ಕೆ ನಡೆದಿತ್ತು, ಈ ಸಲದ್ದು ಒಂದನೇ ತರಗತಿ ಮುಗಿಸಿದ್ದಕ್ಕೆ. ನಮ್ಮ ವಂಶದಲ್ಲಿ ಎರಡೆರಡು ಬಾರಿ ಕರಿ ಗೌನು ತೊಟ್ಟವರು ಇವಳೊಬ್ಬಳೇ. ನನ್ನ ಬಿ.ಕಾಂ. ಪದವಿ ಪತ್ರ ಅಂಚೆಯಲ್ಲಿ ಬಂದಿತ್ತು, ಅದೂ ಒಂದು ಮೂಲೆ ಮಳೆಯಲ್ಲಿ ನೆನೆದು.

ನಮ್ಮದು ಮೈಸೂರು. 1916ರಿಂದ ವಿಶ್ವವಿದ್ಯಾನಿಲಯ ಇಟ್ಟುಕೊಂಡಿರುವ ಊರು. ಆ ವಿಶ್ವವಿದ್ಯಾನಿಲಯದ ಕ್ರಾಫರ್ಡ್ ಹಾಲಿನ ಮುಂದೆ ಗೌನು ತೊಟ್ಟವರನ್ನು ಕಂಡರೆ ಆಟೋದವರು ಕೂಡ ಒಂದು ಕ್ಷಣ ಹಾರ್ನ್ ಒತ್ತುವುದನ್ನು ಮರೆಯುತ್ತಾರೆ ಎಂದು ನಾನು ನಂಬಿದ್ದೆ. ಗೌನಿನ ಬೆಲೆ ಈಗ ಗೊತ್ತಾಯಿತು: ಬಾಡಿಗೆ 350 ರೂಪಾಯಿ, ಠೇವಣಿ 500. ಟೋಪಿಯ ಕುಚ್ಚು ಕಳೆದರೆ ಅದಕ್ಕೆ ಬೇರೆ ದಂಡ. ತರಲು ಹೋದದ್ದು ಛದ್ಮವೇಷದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಗೆ. ಒನಕೆ ಓಬವ್ವನ ಸೀರೆಗೂ ಬಾಲಕೃಷ್ಣನ ಪೀತಾಂಬರಕ್ಕೂ ನಡುವೆ ಪದವಿ ಗೌನುಗಳು ಸಾಲಾಗಿ ನೇತಾಡುತ್ತಿದ್ದವು. ಯಾವುದನ್ನು ಯಾವ ಕಪಾಟಿನಲ್ಲಿ ಇಡಬೇಕೆಂಬ ತಿಳಿವಳಿಕೆ ಆ ಅಂಗಡಿಯವನಿಗೆ ಇರುವಷ್ಟು ಶಾಲೆಯ ಆಡಳಿತ ಮಂಡಳಿಗೆ ಇದ್ದಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದನೇ ತರಗತಿಯ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಿಕೊಳ್ಳುವಂತಿಲ್ಲ. 2019ರಲ್ಲಿ ತಿದ್ದುಪಡಿ ಬಂದರೂ ಅದು ಮುಟ್ಟಿದ್ದು ಐದು ಮತ್ತು ಎಂಟನೇ ತರಗತಿಯನ್ನು ಮಾತ್ರ. ಹೀಗೆ ಫೇಲಾಗಲು ಕಾನೂನೇ ಬಿಡದ ತರಗತಿಯನ್ನು ಪಾಸು ಮಾಡಿದ್ದಕ್ಕೆ ಈ ಸನ್ಮಾನ. ಆಗಲಿ. ಬೆಳಗ್ಗೆ ಎದ್ದದ್ದಕ್ಕೆ ಯಾರಾದರೂ ನನಗೂ ಒಂದು ಶಾಲು ಹೊದಿಸಿದರೆ ನಾನೇನೂ ಬೇಡವೆನ್ನುವುದಿಲ್ಲ.

ಸಮಾರಂಭ ಹತ್ತು ಗಂಟೆಗೆ ಇತ್ತು, ಮುಖ್ಯ ಅತಿಥಿಗಳು ಹನ್ನೊಂದೂಕಾಲಿಗೆ ಬಂದರು. ಏಪ್ರಿಲ್ ತಿಂಗಳು, ಶಾಮಿಯಾನದ ಕೆಳಗೆ ಅರವತ್ತು ಮಕ್ಕಳು ಪಾಲಿಯೆಸ್ಟರ್ ಗೌನಿನೊಳಗೆ ಇಡ್ಲಿಯಂತೆ ಬೇಯುತ್ತಿದ್ದರು. ಟೋಪಿಗಳೆಲ್ಲ ಒಂದೇ ಅಳತೆ. ಹಾಗಾಗಿ ಅರ್ಧ ಮಕ್ಕಳಿಗೆ ಮೂಗಿನ ತುದಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅತಿಥಿಗಳು 2047ರ ಭಾರತದ ಬಗ್ಗೆ ನಲವತ್ತು ನಿಮಿಷ ಮಾತನಾಡಿದರು. ಎರಡನೇ ಸಾಲಿನಲ್ಲಿ ಒಬ್ಬ ಹುಡುಗ ಕಿರುಬೆರಳು ಎತ್ತಿ ನಿಂತ. ಒಂದನೇ ತರಗತಿಯಲ್ಲಿ ಕಿರುಬೆರಳು ಎತ್ತಿದರೆ ಏನರ್ಥವೆಂದು ಕನ್ನಡ ನಾಡಿನಲ್ಲಿ ಯಾರಿಗೆ ತಿಳಿಯದು? ಆದರೆ ಛಾಯಾಗ್ರಾಹಕನಿಗೆ ಭಂಗಿ ಬಹಳ ಹಿಡಿಸಿಬಿಟ್ಟಿತು. “ಹಾಗೇ ಇರು ಪುಟ್ಟಾ, ಅಲುಗಾಡಬೇಡ” ಎಂದು ಮೂರು ಫೋಟೋ ತೆಗೆದ. ಮೂರನೆಯದು ತೆಗೆಯುವಾಗ ಹುಡುಗನ ಮುಖದಲ್ಲಿ ನಿರಾಳ ಭಾವ ಮೂಡಿತ್ತು. ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ಚಿತ್ರ ‘ಆತ್ಮವಿಶ್ವಾಸ’ ಎಂಬ ಶೀರ್ಷಿಕೆಯೊಂದಿಗೆ ಬಂದಿದೆ. ಠೇವಣಿ ವಾಪಸು ಬಂದಿತೇ ಎಂದು ಅವನ ತಂದೆಯನ್ನು ಕೇಳುವ ಧೈರ್ಯ ನನಗಿಲ್ಲ.

ಈ ಪದವೀಧರರ ನಿರುದ್ಯೋಗದ ಕಥೆ ನಿಮಗೆ ನೆನಪಿರಬೇಕು. ಜೂನ್ 1ಕ್ಕೆ ಆರು ವರ್ಷ ತುಂಬಿದವರಿಗೆ ಮಾತ್ರ ಒಂದನೇ ತರಗತಿ ಎಂದು ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು, ಆಮೇಲೆ ಅದರ ಜಾರಿಯನ್ನು 2025-26ಕ್ಕೆ ಮುಂದೂಡಿತು. ಆ ವರ್ಷ ಬಂತು. ಎದುರು ಮನೆಯ ಹುಡುಗ ಮಾರ್ಚ್‌ನಲ್ಲಿ ಯುಕೆಜಿ ಘಟಿಕೋತ್ಸವ ಮುಗಿಸಿ, ಗೌನಿನ ಫೋಟೋಗೆ ಕಟ್ಟು ಹಾಕಿಸಿ, ಗೋಡೆಗೆ ಮೊಳೆ ಹೊಡೆದಾಗಿತ್ತು. ಜೂನ್ 1ಕ್ಕೆ ಅವನ ವಯಸ್ಸು ಐದು ವರ್ಷ ಒಂಬತ್ತು ತಿಂಗಳು. ಪದವಿ ಇದೆ, ಸೇರಲು ತರಗತಿ ಇಲ್ಲ. ಏಪ್ರಿಲ್ ಮಧ್ಯದವರೆಗೂ ಅವನು ರಾಜ್ಯದ ಅತಿ ಕಿರಿಯ ನಿರುದ್ಯೋಗಿ ಪದವೀಧರರಲ್ಲಿ ಒಬ್ಬನಾಗಿ ಕಾಂಪೌಂಡಿನಲ್ಲಿ ಸೈಕಲ್ ತುಳಿಯುತ್ತಿದ್ದ. ಆಮೇಲೆ ಶಿಕ್ಷಣ ಸಚಿವ ಮಧು ಬಂಗಾರಪ್ಪನವರು ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾದರೂ ಸಾಕು ಎಂದರು. ಹುಡುಗ ಪಾರಾದ. ಮೂರು ವರ್ಷದ ಮೊದಲೇ ಬರೆದಿಟ್ಟ ನಿಯಮಕ್ಕೆ ಪ್ರವೇಶದ ಹೊಸ್ತಿಲಲ್ಲಿ ಸಡಿಲಿಕೆ ಕೊಡುವ ಈ ಕಲೆಯನ್ನು ಯಾವ ತರಗತಿಯಲ್ಲಿ ಕಲಿಸುತ್ತಾರೋ, ಅಲ್ಲಿಗೆ ನನಗೂ ಸೇರಬೇಕೆಂದಿದೆ.

ನಮ್ಮ ಕಾಲದಲ್ಲಿ ಈ ಗೊಂದಲ ಇರಲಿಲ್ಲ. ಹೆಡ್‌ಮಾಸ್ಟರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ಆರು ವರ್ಷ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಹುಟ್ಟಿದ ದಿನ ಯಾವುದೆಂದು ತಂದೆಗೆ ತಿಳಿಯದಿದ್ದರೆ ಅವರೇ ಒಂದು ದಿನವನ್ನು ದಯಪಾಲಿಸುತ್ತಿದ್ದರು. ಆದ್ದರಿಂದಲೇ ನನ್ನ ತಲೆಮಾರಿನ ಅರ್ಧ ಕರ್ನಾಟಕ ಜೂನ್ 1ರಂದು ಹುಟ್ಟಿದೆ. ನಾನೂ ಅಂದೇ ಹುಟ್ಟಿದವನು. ನಮ್ಮ ತಾಯಿಯನ್ನು ಕೇಳಿದರೆ ಗೌರಿ ಹಬ್ಬಕ್ಕೆ ಒಂದು ವಾರ ಇತ್ತು, ಬಾಗಿನಕ್ಕೆಂದು ತಂದ ಮೊರಗಳು ಕೋಣೆಯ ತುಂಬ ಇದ್ದವು, ಆಗ ಹುಟ್ಟಿದೆ ಎನ್ನುತ್ತಿದ್ದರು. ಬ್ಯಾಂಕಿನಲ್ಲಿ ನನ್ನ ಜೊತೆ ಒಂದೇ ದಿನ ನಿವೃತ್ತರಾದವರು ನಾಲ್ವರು. ನಾಲ್ವರದೂ ಜೂನ್ 1. ಅವರಲ್ಲೊಬ್ಬನ ತಮ್ಮನಂತೂ ಅವನಿಗಿಂತ ಸರಿಯಾಗಿ ಒಂದು ವರ್ಷಕ್ಕೆ ಕಿರಿಯ, ತಂಗಿ ಸರಿಯಾಗಿ ಮೂರು ವರ್ಷಕ್ಕೆ. ಸಾಮೂಹಿಕ ಬೀಳ್ಕೊಡುಗೆಯಲ್ಲಿ ವ್ಯವಸ್ಥಾಪಕರು ಆ ಹೆಡ್‌ಮಾಸ್ಟರುಗಳಿಗೂ ಒಂದು ಹಾರ ಹಾಕಬೇಕಿತ್ತು.

ಎಲ್ಲಿದ್ದೆ? ಹಾಂ, ಒಂದನೇ ತರಗತಿ.

ಒಂದು, ಎರಡನೇ ತರಗತಿಯ ಮಕ್ಕಳಿಗೆ ಮನೆಗೆಲಸ ಕೊಡಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ಸುತ್ತೋಲೆ ಹೊರಡಿಸಿದೆ. ಚೀಲದ ತೂಕ ಒಂದೂವರೆಯಿಂದ ಎರಡು ಕಿಲೋ ದಾಟಬಾರದು ಎಂದು ನಮ್ಮ ರಾಜ್ಯ 2019ರಲ್ಲಿ ಹೇಳಿದೆ. ಮೊಮ್ಮಗಳ ಶಾಲೆ ಎರಡನ್ನೂ ಚಾಚೂ ತಪ್ಪದೆ ಪಾಲಿಸುತ್ತದೆ. ಅಲ್ಲಿ ಮನೆಗೆಲಸವೇ ಇಲ್ಲ, ಇರುವುದು ಚಟುವಟಿಕೆ. ಚಟುವಟಿಕೆಯ ಫಲವಾದ ಜ್ವಾಲಾಮುಖಿ ಚೀಲದಲ್ಲಿ ಹಿಡಿಸುವುದಿಲ್ಲವಾದ್ದರಿಂದ ತೂಕದ ಲೆಕ್ಕಕ್ಕೂ ಬರುವುದಿಲ್ಲ.

ಮಾರ್ಚ್ ಕೊನೆಯ ವಾರ ರಾತ್ರಿ ಎಂಟೂ ನಲವತ್ತಕ್ಕೆ ಸೊಸೆಯ ಮೊಬೈಲ್‌ಗೆ ಸಂದೇಶ ಬಂದಿತು. ವರ್ಷಾಂತ್ಯದ ಪ್ರದರ್ಶನಕ್ಕೆ ನಾಳೆ ಎರಡು ವಸ್ತು ತರಬೇಕು. ಒಂದು ಜ್ವಾಲಾಮುಖಿ ಅಥವಾ ‘ಪರಿಸರ ಉಳಿಸಿ’ ಮಾದರಿ. ಇನ್ನೊಂದು ‘ಕಸದಿಂದ ರಸ’. ಕೊನೆಯಲ್ಲಿ ಎರಡು ಸೂಚನೆ: ಮಕ್ಕಳೇ ಮಾಡಿರಬೇಕು, ನೋಡಲು ಅಂದವಾಗಿರಬೇಕು. ಈ ಎರಡರ ನಡುವಿನ ಕಂದಕಕ್ಕೆ ಅಜ್ಜ ಎಂಬ ಪ್ರಾಣಿಯನ್ನು ಇಳಿಸಿ ಸೇತುವೆ ಕಟ್ಟಲಾಗುತ್ತದೆ.

ಬೀದಿ ಕೊನೆಯ ಪುಸ್ತಕದಂಗಡಿಯವನು ಬಾಗಿಲು ಅರ್ಧ ಎಳೆದು ಕಾಯುತ್ತಿದ್ದ. ನನ್ನನ್ನು ನೋಡಿದವನೇ, “ಒಂದನೇ ಕ್ಲಾಸು ತಾನೇ ಸಾರ್? ಪರಿಸರ ಖಾಲಿಯಾಗಿದೆ, ಜ್ವಾಲಾಮುಖಿ ಇದೆ” ಎಂದ. ಪರಿಸರ ಖಾಲಿಯಾದ ಸಂಗತಿಯನ್ನು ಅವನಷ್ಟು ಚುಟುಕಾಗಿ ಯಾವ ವಿಜ್ಞಾನಿಯೂ ಹೇಳಿಲ್ಲ. ಜ್ವಾಲಾಮುಖಿ ಸಿದ್ಧವಾಗಿಯೇ ಇತ್ತು, ಕೆಳಗೆ ಹೆಸರು ಬರೆಯಲು ಚೀಟಿ ಅಂಟಿಸಿತ್ತು. ಮಗು ತಾನೇ ಮಾಡಿದಂತೆ ಕಾಣಬೇಕಾದರೆ ಒಂದು ಕಡೆ ಸ್ವಲ್ಪ ಒರಟಾಗಿ ಬಣ್ಣ ಬಳಿದದ್ದು ಬೇರೆ ಇದೆ, ಅದಕ್ಕೆ ಮೂವತ್ತು ರೂಪಾಯಿ ಹೆಚ್ಚು ಎಂದ. ಎರಡೂ ಥರ್ಮಾಕೋಲಿನವು. ಅಲಂಕಾರದ ಥರ್ಮಾಕೋಲನ್ನು ದೇಶವೇ 2022ರ ಜುಲೈ 1ರಿಂದ ನಿಷೇಧಿಸಿದೆ. ಹಾಗಿದ್ದರೂ ‘ಪರಿಸರ ಉಳಿಸಿ’ ಮಾದರಿಯಲ್ಲಿ ಭೂಮಿ, ಮರ, ನಗುವ ಸೂರ್ಯ ಎಲ್ಲವೂ ಥರ್ಮಾಕೋಲಿನದ್ದೇ. ಸರ್ಕಾರದ ಪಟ್ಟಿಯಲ್ಲಿ ಅದು ಅಲಂಕಾರವಾದರೆ ಒಂದನೇ ತರಗತಿಯಲ್ಲಿ ಅದು ಜ್ಞಾನ. ಜ್ಞಾನಕ್ಕೆ ನಿಷೇಧವಿಲ್ಲ.

‘ಕಸದಿಂದ ರಸ’ದ ಸಾಮಾನು ಹೀಗಿತ್ತು: ಹೊಸ ಕಾಗದದ ಲೋಟ ಒಂದು ಕಟ್ಟು, ಬಣ್ಣದ ಕಾಗದ ಎಂಟು ಹಾಳೆ, ಅಂಟು, ಮಿನುಗು ಪುಡಿ, ಐಸ್‌ಕ್ರೀಂ ಕಡ್ಡಿ ಐವತ್ತು. ಕಡ್ಡಿಗಳು ಐಸ್‌ಕ್ರೀಮಿನ ಮುಖ ಕಂಡವಲ್ಲ, ಕಾರ್ಖಾನೆಯಿಂದ ನೇರವಾಗಿ ಕಸವಾಗಲೆಂದೇ ಬಂದವು. ಒಟ್ಟು 215 ರೂಪಾಯಿ. ಮನೆಯಲ್ಲಿ ನಿಜವಾದ ಕಸ ಬೇಕಾದಷ್ಟಿತ್ತು. ಹಾಲಿನ ಪ್ಯಾಕೆಟ್ಟು, ಹಳೆಯ ಪಂಚಾಂಗ, ನನ್ನ ಕನ್ನಡಕದ ಡಬ್ಬಿ. ಅದನ್ನು ತೋರಿಸಿದಾಗ ಸೊಸೆ, “ಬೇಡ ಮಾವ, ಅದು ಕಸದ ಹಾಗೆ ಕಾಣಿಸುತ್ತದೆ” ಎಂದಳು. ರಾತ್ರಿ ಹನ್ನೆರಡರವರೆಗೆ ನಾನು, ಮಗ, ಸೊಸೆ ಕೂತು ಒಂದು ಹೂದಾನಿ ಮಾಡಿದೆವು. ಮಾಡಬೇಕಾದವಳು ಒಂಬತ್ತಕ್ಕೇ ನಿದ್ದೆ ಹೋಗಿದ್ದಳು. ಹೋಗುವ ಮುನ್ನ ಅಂಟಿನ ಮುಚ್ಚಳದಿಂದ ಇರುವೆಗೊಂದು ಈಜುಕೊಳ ಮಾಡಿದ್ದಳು. ಬೆಳಗ್ಗೆ ಗುಡಿಸುವಾಗ ಅದು ಹೋಯಿತು.

ಇದೆಲ್ಲ ಕೆಲಸಕ್ಕೆ ಬಾರದ ಗೊಣಗಾಟ ಎನ್ನಬಹುದು. ಮುಂದಿನದನ್ನು ಹೇಳಲು ನನಗೆ ನಗು ಬರುವುದಿಲ್ಲ.

ನನ್ನ ತಂಗಿಯ ಮಗಳು ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಶಿಕ್ಷಕಿ. 1995ರಲ್ಲಿ ಆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಪದ್ಧತಿ ನೋಡಿ ಬಂದು, ಯುನಿಸೆಫ್ ನೆರವಿನಿಂದ ಶುರು ಮಾಡಿದ್ದೇ ನಲಿ-ಕಲಿ. 2009ರ ಹೊತ್ತಿಗೆ ಅದು ರಾಜ್ಯವಿಡೀ ಹಬ್ಬಿತು. ಮಕ್ಕಳು ತಟ್ಟೆಗಳಲ್ಲಿ ಕೂರುತ್ತಾರೆ. ತಟ್ಟೆ ಎಂದರೆ ಊಟದ್ದಲ್ಲ, ಗುಂಪು. ಕಾರ್ಡು ಎತ್ತಿಕೊಳ್ಳುತ್ತಾರೆ, ಹುಣಸೆ ಬೀಜ ಎಣಿಸುತ್ತಾರೆ, ಕಲಿಕಾ ಏಣಿಯಲ್ಲಿ ತಮ್ಮ ತಮ್ಮ ಮೆಟ್ಟಿಲು ತಾವೇ ಹತ್ತುತ್ತಾರೆ. ಮಕ್ಕಳು ಮಾಡಿದ್ದನ್ನು ಮೇಲೆ ದಾರ ಕಟ್ಟಿದ ಚಪ್ಪರಕ್ಕೆ ನೇತುಹಾಕುತ್ತಾರೆ, ಸೊಟ್ಟಗಿದ್ದರೆ ಸೊಟ್ಟಗೇ. ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಅಪ್ಪ ಅಮ್ಮನ ಜೊತೆ ಹೋಗಿ ಎರಡು ತಿಂಗಳು ಬಿಟ್ಟು ಬಂದ ಮಗು, ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ಯಾರೂ ಅದನ್ನು ಹಿಂದೆ ಬಿದ್ದ ಮಗು ಎನ್ನುವುದಿಲ್ಲ. ಇಷ್ಟು ಚೆಂದದ ಯೋಚನೆ ಒಂದು ಹಿಂದುಳಿದ ತಾಲ್ಲೂಕಿನಲ್ಲಿ, ಸಂಬಳದ ಮೇಷ್ಟ್ರುಗಳ ಕೈಯಲ್ಲಿ ಬೇರು ಬಿಟ್ಟಿತು. ಆಗ ನಾವು ಪೇಟೆಯವರು ಏನೆಂದೆವು? “ನಲಿಯುವುದೇ ಆಯಿತು, ಕಲಿಯುವುದು ಯಾವಾಗ?” ಎಂದೆವು. ನಾನೂ ಅಂದಿದ್ದೇನೆ. ಈಗ ಅದೇ ಸರಕು ‘ಚಟುವಟಿಕೆ ಆಧಾರಿತ ಕಲಿಕೆ’ ಎಂಬ ಫಲಕ ಹೊತ್ತು, ಹವಾನಿಯಂತ್ರಿತ ಕೋಣೆಯೊಳಗೆ ಕೂತು, ವರ್ಷಕ್ಕೆ ಲಕ್ಷ ರೂಪಾಯಿ ಕೇಳಿದಾಗ ಸಾಲಿನಲ್ಲಿ ನಿಂತು ಕಟ್ಟುತ್ತಿದ್ದೇವೆ.

ತಂಗಿಯ ಮಗಳ ಕೋಣೆಯಲ್ಲಿ ಒಂದು, ಎರಡು, ಮೂರು ತರಗತಿ ಒಟ್ಟಿಗೆ ಇವೆ. ಒಂದನೇ ತರಗತಿಗೆ ಈ ವರ್ಷ ನಾಲ್ಕು ಮಕ್ಕಳು. ಕಾರ್ಡುಗಳ ಅಂಚು ಸವೆದು ಹೋಗಿದೆ, ಅವಳೇ ಟೇಪು ಹಚ್ಚುತ್ತಾಳೆ, ತನ್ನ ದುಡ್ಡಿನಲ್ಲಿ. ದಸರಾ ರಜೆಯಲ್ಲಿ ಸಮೀಕ್ಷೆಗೆಂದು ಮನೆ ಮನೆ ತಿರುಗಿದಳು. ಏಪ್ರಿಲ್ 10ರೊಳಗೆ ಫಲಿತಾಂಶ ಹೇಳಬೇಕು, ಅದಕ್ಕೆ ಮೊದಲು ಎಲ್ಲರ ರೂಪಣಾತ್ಮಕ, ಸಂಕಲನಾತ್ಮಕ (ನಡುನಡುವಿನ ಮತ್ತು ಅವಧಿ ಕೊನೆಯ ಪರೀಕ್ಷೆಗಳ) ಅಂಕಗಳನ್ನು ಇಲಾಖೆಯ ವಿದ್ಯಾರ್ಥಿ ದಾಖಲೆಯ ಎಸ್‌ಎಟಿಎಸ್ ತಂತ್ರಾಂಶಕ್ಕೆ ತುಂಬಬೇಕು. ಹಗಲು ಸರ್ವರ್ ನಿಧಾನ, ಹಾಗಾಗಿ ರಾತ್ರಿ ಹನ್ನೊಂದರ ಮೇಲೆ ಕೂರುತ್ತಾಳೆ. ನಾಲ್ಕು ಮಕ್ಕಳಿಗೆ ಓದಲು ಕಲಿಸಿದವಳನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ಮುಂದಿನ ವರ್ಷ ಮಕ್ಕಳ ಸಂಖ್ಯೆ ಇನ್ನೂ ಇಳಿದರೆ ಶಾಲೆಯನ್ನು ಬೇರೆ ಶಾಲೆಯ ಜೊತೆ ಸೇರಿಸಿಬಿಡುತ್ತಾರೋ ಏನೋ ಎಂಬ ಹೆದರಿಕೆ ಅವಳಿಗೆ. ನಾವು ಇಲ್ಲಿ ಪ್ಲಾಸ್ಟಿಕ್ ಪದಕ ಹಂಚುತ್ತಿದ್ದೇವೆ. ನಾಚಿಕೆಯಾಗಬೇಕು. ಯಾರಿಗೆ ಎಂದು ಕೇಳಬೇಡಿ, ಬಾಡಿಗೆಯ ರಸೀದಿ ನನ್ನ ಜೇಬಿನಲ್ಲೇ ಇದೆ.

ಅವಳನ್ನು ನೋಡಲೆಂದು ಒಂದು ಭಾನುವಾರ ಹೊರಟಿದ್ದೆವು. ಬಸ್ ನಿಲ್ದಾಣದಲ್ಲಿ ಮೊಮ್ಮಗಳು ನನ್ನ ತೋಳು ಜಗ್ಗಿ, ಎದುರಿನ ಬಸ್ಸಿನ ಫಲಕಕ್ಕೆ ಬೆರಳು ಹಿಡಿದು, “ಕ ಒತ್ವ ಕೊ, ದೀರ್ಘ ಕೋ. ಟ ಎತ್ವ ಟೆ. ಕೋಟೆ! ತಾತ, ಕೋಟೆ!” ಎಂದು ಕಿರುಚಿದಳು. ಕಂಡಕ್ಟರು, “ಹತ್ತಮ್ಮ, ನೀನು ಹೇಳಿದ ಮೇಲೆ ಸರಿಯಾದ ಬಸ್ಸೇ ಇರಬೇಕು” ಎಂದ. ಸೊಸೆ ಆ ಹೊತ್ತಿಗೆ ಮೊಬೈಲಿನಲ್ಲಿ ಜ್ವಾಲಾಮುಖಿಯ ಫೋಟೋಗೆ ಬಂದ ಮೆಚ್ಚುಗೆಗಳಿಗೆ ಉತ್ತರಿಸುತ್ತಿದ್ದಳು.

ಅಂಕಪಟ್ಟಿಯೂ ಬಂದಿತು. ತೊಂಬತ್ತು ದಾಟಿದರೆ ಎ ಪ್ಲಸ್, ಎಪ್ಪತ್ತು ದಾಟಿದರೆ ಎ. ನಾಯಕತ್ವಕ್ಕೆ ಎ ಪ್ಲಸ್ ಕೊಟ್ಟಿದ್ದಾರೆ. ಬೆಳಗ್ಗೆ ಎಡಗಾಲಿನ ಬೂಟನ್ನು ಬಲಗಾಲಿಗೆ ಹಾಕಿಕೊಳ್ಳುವ ಹುಡುಗಿಗೆ ಸಿಕ್ಕ ನಾಯಕತ್ವ, ನಮ್ಮ ನಾಯಕರನ್ನು ನೋಡಿದರೆ ಉತ್ಪ್ರೇಕ್ಷೆ ಎನ್ನಿಸುವುದಿಲ್ಲ. ಸೃಜನಶೀಲತೆಗೆ ಮಾತ್ರ ಎ. ಪಕ್ಕದಲ್ಲಿ ಷರಾ: ‘ಹೂದಾನಿಯಲ್ಲಿ ಅಂಟು ಹೊರಗೆ ಕಾಣುತ್ತದೆ, ಇನ್ನಷ್ಟು ಅಚ್ಚುಕಟ್ಟು ಬೇಕು.’ ಅಂಟು ಹಚ್ಚಿದವನು ನಾನು. ಅರವತ್ತಾರನೇ ವಯಸ್ಸಿನಲ್ಲಿ ಒಂದನೇ ತರಗತಿಯಲ್ಲಿ ಅಂಕ ಕಳೆದುಕೊಂಡವನೆಂದು ಎರಡು ದಿನ ಮನೆಯಲ್ಲಿ ನನ್ನನ್ನು ಯಾರೂ ನೆಟ್ಟಗೆ ಮಾತನಾಡಿಸಲಿಲ್ಲ. ಮಗನಂತೂ, “ಅಪ್ಪ, ಆಗಲೇ ಹೇಳಿದೆ ಬ್ರಷ್ ಉಪಯೋಗಿಸು ಎಂದು” ಎಂದ.

ಪ್ರದರ್ಶನ ಮುಗಿದ ಮೇಲೆ ಜ್ವಾಲಾಮುಖಿ ಮನೆಗೆ ವಾಪಸು ಬಂದಿದೆ. ಬೆಳಗ್ಗೆ ಪೌರಕಾರ್ಮಿಕಳು ಸೀಟಿ ಊದಿದಾಗ ಎತ್ತಿಕೊಂಡು ಹೋದೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಹಸಿ ಕಸವೂ ಅಲ್ಲ, ಒಣ ಕಸವೂ ಅಲ್ಲ ಸ್ವಾಮಿ. ಈ ಬೀದಿಯಲ್ಲಿ ನಿಮ್ಮದು ಏಳನೆಯದು” ಎಂದು ಗೇಟಿನ ಮೇಲೆ ಇಟ್ಟು ಗಾಡಿ ತಳ್ಳಿಕೊಂಡು ಹೋದಳು.

ಹಾಗಾದರೆ ಈ ಜ್ವಾಲಾಮುಖಿ ಮುಂದಿನ ವರ್ಷಕ್ಕಾದರೂ ಉಪಯೋಗಕ್ಕೆ ಬರುತ್ತದೆಯೇ ಎಂದು ಪುಸ್ತಕದಂಗಡಿಯವನನ್ನು ಕೇಳಿದೆ. ಅವನು ತಲೆ ಅಲ್ಲಾಡಿಸಿದ. “ಎರಡನೇ ಕ್ಲಾಸಿಗೆ ಸೌರಮಂಡಲ ಸಾರ್. ಈಗಲೇ ಒಂದು ಎತ್ತಿಡಲೇ?”