2027ರ ಗ್ರಹಣ: ಬೆಂಗಳೂರು ಕತ್ತಲಾಗುವುದಿಲ್ಲ

‘2027ರ ಆಗಸ್ಟ್ 2ರಂದು ಇಡೀ ಜಗತ್ತು ಆರು ನಿಮಿಷ ಕತ್ತಲಲ್ಲಿ ಮುಳುಗುತ್ತದೆ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಅಂದು ಸೂರ್ಯಗ್ರಹಣ ಇರುವುದು ಮಾತ್ರ ನಿಜ.

ಚಂದ್ರನ ದಟ್ಟ ನೆರಳು ಭೂಮಿಯನ್ನೆಲ್ಲ ಮುಚ್ಚುವಷ್ಟು ದೊಡ್ಡದಲ್ಲ. ಈ ಸಲ ಅದರ ಅಗಲ ಸುಮಾರು 258 ಕಿಲೋಮೀಟರ್. ಸ್ಪೇನ್‌ನ ದಕ್ಷಿಣ ಭಾಗ, ಉತ್ತರ ಆಫ್ರಿಕಾ, ಸೌದಿ ಅರೇಬಿಯಾ, ಯೆಮನ್, ಸೊಮಾಲಿಯಾ ಮೇಲೆ ಹಾದು ಆ ನೆರಳು ಹಿಂದೂ ಮಹಾಸಾಗರಕ್ಕೆ ಇಳಿಯುತ್ತದೆ. ಆ ಪಟ್ಟಿಯೊಳಗೆ ನಿಂತವರಿಗಷ್ಟೇ ಪೂರ್ಣ ಗ್ರಹಣ. ಆರು ನಿಮಿಷದ ಮಾತು ಬಂದಿದ್ದು ಈಜಿಪ್ಟ್‌ನ ಲಕ್ಸರ್ ಸುತ್ತಮುತ್ತಲಿನ ಲೆಕ್ಕದಿಂದ: ಅಲ್ಲಿ 6 ನಿಮಿಷ 23 ಸೆಕೆಂಡು.

ಬೆಂಗಳೂರು ಆ ಪಟ್ಟಿಯಿಂದ ಬಹಳ ದೂರ. ನಮಗೆ ಸಂಜೆ ಪಾರ್ಶ್ವ ಗ್ರಹಣ, ಅದೂ ಮೋಡ ಬಿಟ್ಟರೆ. ಆಗಸ್ಟ್ ಅಲ್ವಾ! ಸೂರ್ಯನ ಒಂದು ಭಾಗ ಕಚ್ಚಿದಂತೆ ಕಾಣುತ್ತದೆ. ಬೀದಿ ದೀಪ ಹಾಕುವಷ್ಟು ಕತ್ತಲೇನೂ ಆಗದು. ಆದರೂ ಗ್ರಹಣದ ಕನ್ನಡಕ ಇಲ್ಲದೆ ನೋಡಬೇಡಿ.

ನನ್ನದೂ ಒಂದು ತಪ್ಪಿದೆ. ಇದು ಈ ಶತಮಾನದ ಅತಿ ದೀರ್ಘ ಗ್ರಹಣ ಎಂದು ಹಿಂದೆ ಬರೆದಿದ್ದೆ. ಅಲ್ಲ. 2009ರ ಜುಲೈ 22ರ ಗ್ರಹಣ ಪೆಸಿಫಿಕ್ ಸಾಗರದ ಮೇಲೆ 6 ನಿಮಿಷ 39 ಸೆಕೆಂಡು ಇತ್ತು. ಸರಿಯಾಗಿ ನೋಡದೆ ಬರೆದುಬಿಟ್ಟೆ, ಕ್ಷಮಿಸಿ.

ಈ ಅಂಕಿಗಳು ನಾಸಾದ ಗ್ರಹಣ ಪಟ್ಟಿಯಲ್ಲಿವೆ. ಬೆಂಗಳೂರಿಂದ ಪೂರ್ಣ ಗ್ರಹಣವೇ ನೋಡಬೇಕು ಅನ್ನುವವರು 2028ರ ಡಿಸೆಂಬರ್ 31ರ ರಾತ್ರಿಯ ಚಂದ್ರಗ್ರಹಣ ಗುರುತು ಹಾಕಿಕೊಳ್ಳಿ. ಆ ಕತ್ತಲಿನ ಸಂದೇಶವನ್ನು ಮಾತ್ರ ದಯವಿಟ್ಟು ಮುಂದೆ ಕಳಿಸಬೇಡಿ.