ಆರ್ಚಸ್ ಬಗ್ಗೆ ಎರಡೇ ಸಾಲಾ?

ಗ್ಲಾಸ್ಗೋದ ಹಳೆಯ ಸಂಗೀತದ ಜಾಗಗಳ ಬಗ್ಗೆ ನಿಮ್ಮ ಲೇಖನದಲ್ಲಿ ಇಷ್ಟು ಚೆನ್ನಾಗಿ ಬರೆದಿದ್ದೀರಿ, ಆದರೆ ಅಲ್ಲಿನ ಕ್ಲಬ್ಬಾದ ಆರ್ಚಸ್‌ಗೆ ಎರಡೇ ಸಾಲು ಕೊಟ್ಟಿದ್ದು ಬೇಜಾರಾಯಿತು. ಓದಲು ಹೋಗಿದ್ದಾಗ ನಮ್ಮ ಶನಿವಾರದ ರಾತ್ರಿಗಳೆಲ್ಲ ಕಳೆದದ್ದು ಅಲ್ಲೇ. ಸೆಂಟ್ರಲ್ ಸ್ಟೇಷನ್ನಿನ ಅಡಿಯ ಇಟ್ಟಿಗೆ ಕಮಾನುಗಳು. ಮೇಲೆ ರೈಲು, ಕೆಳಗೆ ಡ್ರಮ್ಮು! ಕ್ಲಬ್ಬಿನ ದುಡ್ಡಿನಿಂದಲೇ ಅಲ್ಲಿ ನಾಟಕಗಳೂ ನಡೆಯುತ್ತಿದ್ದವು. 2015ರಲ್ಲಿ ತಡರಾತ್ರಿಯ ಲೈಸೆನ್ಸ್ ಹೋಯಿತು, ಜಾಗವೂ ಮುಚ್ಚಿತು. ಈಗಲೂ ಹೊಟ್ಟೆ ಉರಿಯುತ್ತದೆ.

ಹಾಡು-ಕುಣಿತದ ಹಾಲ್ ಬಾರೋಲ್ಯಾಂಡ್ ಉಳಿದಿದೆಯಲ್ಲ, ಅದೇ ಸಮಾಧಾನ. 1958ರಲ್ಲಿ ಸುಟ್ಟುಹೋಗಿ 1960ರಲ್ಲಿ ಮತ್ತೆ ಎದ್ದ ಕಟ್ಟಡ ಅದು. ಡಾನ್ಸಿಗೆಂದೇ ಹಾಕಿದ ಮರದ ನೆಲ, ಜನ ಕುಣಿದರೆ ಅದೂ ಕುಣಿಯುತ್ತದೆ. ಅದಿರುವ ಬೀದಿ ಗ್ಯಾಲೋಗೇಟ್‌ನಲ್ಲಿ ಮಳೆಯಲ್ಲಿ ನೆನೆದು ನಿಂತಾಗಲೂ ಆ ದೊಡ್ಡ ನಿಯಾನ್ ಬೋರ್ಡು ಕಂಡರೆ ಸಾಕು, ಚಳಿ ಮರೆತುಹೋಗುತ್ತಿತ್ತು.